ಎ ಡ್ರೈವ್ ಇನ್ನೂ ಸತ್ತಿಲ್ಲ: ಫ್ಲಾಪಿ, ವರ್ಚುವಲ್ ಮಷಿನ್ ಮತ್ತು ಕಾಚಿಗುಡದ ಒಂದು ಡಬ್ಬಿ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ವಿವರಗಳನ್ನೂ ಇಲ್ಲಿ ಸೇರಿಸಿದ್ದೇನೆ. ಕ್ಯಾಬ್‌ನಲ್ಲಿ, ಮೆಟ್ರೊದಲ್ಲಿ ಕೇಳೋದಕ್ಕಿಂತ ಓದೋದೇ ಸುಲಭ ಅಂತ ನಿಮ್ಮಲ್ಲಿ ಹಲವರು ಹೇಳಿದ್ದೀರಿ, ಅದಕ್ಕೇ ಇದು.

ಈ ಸಲದ ಕಥೆ ಶುರುವಾಗೋದು ಬಿಸ್ಕತ್ತಿನ ಒಂದು ತಗಡಿನ ಡಬ್ಬಿಯಿಂದ. ಹೈದರಾಬಾದಿನಲ್ಲಿ ಇರೋರಿಗೆ ಕಾಚಿಗುಡ ಗೊತ್ತು. ಕರ್ನಾಟಕ ಸಾಹಿತ್ಯ ಮಂದಿರ ಇರೋದು, ನೃಪತುಂಗ ಶಾಲೆ ಇರೋದು ಅಲ್ಲೇ. ಗಚ್ಚಿಬೌಲಿ, ಮಾಧಾಪುರಕ್ಕೆ ನಾವು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಬರೋದಕ್ಕೆ ಎಷ್ಟೋ ವರ್ಷ ಮುಂಚೆ ಈ ಊರಿಗೆ ಬಂದ ಕನ್ನಡದವರ ಕೇರಿ ಅದು. ಅಲ್ಲಿ ಒಬ್ಬ ಹಿರಿಯರಿದ್ದಾರೆ, ಎಂಬತ್ತರ ಹತ್ತಿರ ವಯಸ್ಸು, ಮೂಲ ಬೀದರ್ ಜಿಲ್ಲೆ. ನಾನು ದಾವಣಗೆರೆ ಕಡೆಯವನಾದರೂ ಎಲ್ಲರ ಹಾಗೆ ಅವರನ್ನು ಕಾಕಾ ಅಂತಲೇ ಕರೀತೀನಿ. ಒಂದು ಭಾನುವಾರ ಊಟ ಆದಮೇಲೆ ಕಾಕಾ ಆ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

“ತಮ್ಮಾ, ನೀ ಕಂಪ್ಯೂಟರ್ ಕಲಿತಂವ ಇದ್ದಿ. ಇವು ತೆರಿತಾವೇನ್ ನೋಡು.”

ಒಳಗೆ 11 ಫ್ಲಾಪಿ. ಮೂರೂವರೆ ಇಂಚಿನವು, ಕಪ್ಪು ಬಣ್ಣ, ಮೇಲೆ ಚೀಟಿ ಅಂಟಿಸಿ ನೀಲಿ ಪೆನ್ನಲ್ಲಿ 1, 2, 3 ಅಂತ ಸಂಖ್ಯೆ. 1999ರಲ್ಲಿ ಕಾಕಾ ತಮ್ಮ ತಂದೆಯ ನೆನಪುಗಳನ್ನೂ ತಮ್ಮ ಗಲ್ಲಿಯ ಕನ್ನಡ ಮನೆಗಳ ವಿವರವನ್ನೂ ಬರೆದು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರಂತೆ. ಮುದ್ರಣಕ್ಕೆ ದುಡ್ಡು ಸಾಲಲಿಲ್ಲ. ಆಮೇಲೆ ಅಂಗಡಿ ಮುಚ್ಚಿತು. ಮುಚ್ಚುವಾಗ ಆಪರೇಟರ್ ಪುಣ್ಯಾತ್ಮ ಕಡತಗಳನ್ನೆಲ್ಲ ಫ್ಲಾಪಿಗೆ ಹಾಕಿ ಕೊಟ್ಟಿದ್ದ. ಕೈಬರಹದ ಪ್ರತಿ ಮನೆ ಬದಲಾಯಿಸುವಾಗ ಕಳೆದುಹೋಯಿತು. ಉಳಿದದ್ದು ಈ ಡಬ್ಬಿ ಮತ್ತು ಪ್ರೂಫ್ ನೋಡಲು ಕೊಟ್ಟಿದ್ದ ಹದಿನಾರು ಪುಟದ ಪ್ರಿಂಟ್, ಅಷ್ಟೇ.

“ಅಷ್ಟೇ ತಾನೆ ಕಾಕಾ, ಒಂದು ವಾರ ಕೊಡಿ” ಅಂದೆ. ಆ ಮಾತು ಎಷ್ಟು ಹಗುರವಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಮನೆಯಲ್ಲಿ ನನ್ನದೊಂದು ಸಣ್ಣ ಸರ್ವರ್ ಇದೆ. ಲಿನಕ್ಸ್, ಅದರ ಮೇಲೆ ಕೆವಿಎಂ, ಅದರಲ್ಲಿ ಐದಾರು ವರ್ಚುವಲ್ ಮಷಿನ್. ಹಳೆಯ ವಿಂಡೋಸ್ ಎಕ್ಸ್‌ಪಿಗೆ ಅಂತ ಒಂದು ಹೊಸ ಮಷಿನ್ ಮಾಡಿದೆ. ಮಾಡುತ್ತಿದ್ದ ಹಾಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ನಾನು ಕೇಳದೆಯೇ ಆ ಮಷಿನ್‌ಗೆ ಫ್ಲಾಪಿ ಕಂಟ್ರೋಲರ್ ಬಂದು ಕೂತಿತ್ತು. ಮೈ ಕಂಪ್ಯೂಟರ್ ತೆರೆದರೆ ಎ ಡ್ರೈವ್ ಹಾಜರ್. ಆದರೆ ನನ್ನ ಕೈಯಲ್ಲಿದ್ದ ಫ್ಲಾಪಿಯನ್ನು ತೂರಿಸಲು ಸರ್ವರ್ ಪೆಟ್ಟಿಗೆಯಲ್ಲಿ ತೂತೇ ಇಲ್ಲ! ಡ್ರೈವ್ ಇದೆ, ಬಾಯಿ ಇಲ್ಲ. ಇದು ಹೇಗಾಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆಯೇ ಇವತ್ತಿನ ವಿಷಯ.

ಎ ಅನ್ನೋ ಅಕ್ಷರ ಎಲ್ಲಿಂದ ಬಂತು?

ನಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡ್ರೈವ್‌ಗಳು ಸಿ ಇಂದ ಶುರು. ಎ ಮತ್ತು ಬಿ ಫ್ಲಾಪಿಗೆ ಮೀಸಲು ಅನ್ನೋದು ಕಾಲೇಜಿನಲ್ಲೇ ಕೇಳಿರುತ್ತೀರಿ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು ಫ್ಲಾಪಿ ಡ್ರೈವ್‌ಗಳೇ. 1983ರ ಪಿಸಿ ಎಕ್ಸ್‌ಟಿ ಜೊತೆ 10 ಎಂಬಿಯ ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಮೂರನೇ ಅಕ್ಷರ ಸಿಕ್ಕಿತು. ಡಾಸ್ ಈ ಪದ್ಧತಿಯನ್ನು ತೆಗೆದುಕೊಂಡಿದ್ದು ಅದಕ್ಕಿಂತ ಹಳೆಯ ಸಿಪಿ/ಎಂ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಿಂದ. ಸಿಪಿ/ಎಂಗೆ ಎಲ್ಲಿಂದ ಬಂತು? ಅದರ ಬೇರು ಐಬಿಎಂನ ವರ್ಚುವಲ್ ಮಷಿನ್ ಸಿಸ್ಟಮ್‌ಗಳಲ್ಲಿದೆ ಅಂತ ಕಂಪ್ಯೂಟರ್ ಚರಿತ್ರೆ ಬರೆಯುವವರು ಹೇಳುತ್ತಾರೆ.

ಹೌದು, ವರ್ಚುವಲ್ ಮಷಿನ್ ಫ್ಲಾಪಿಗಿಂತ ಹಳೆಯದು! ಐಬಿಎಂನ ಕೇಂಬ್ರಿಡ್ಜ್ ಕೇಂದ್ರದಲ್ಲಿ ಸಿಪಿ-40 ಅನ್ನುವ ಸಿಸ್ಟಮ್ ಕೆಲಸಕ್ಕೆ ನಿಂತದ್ದು 1967ರಲ್ಲಿ. ಒಂದೇ ದೊಡ್ಡ ಯಂತ್ರ, ಅದರ ಮೇಲೆ ಹಲವರಿಗೆ ಹಲವು ಯಂತ್ರ ಇದ್ದ ಹಾಗೆ ತೋರಿಸುವ ಉಪಾಯ. 1972ರಲ್ಲಿ ಅದೇ ವಂಶದ ವಿಎಂ/370 ಮಾರುಕಟ್ಟೆಗೆ ಬಂತು. ಆಗಲೇ ಅಲ್ಲಿನವರಿಗೆ ಈಗಿನ ನಮ್ಮ ಪ್ರಶ್ನೆಯೇ ಎದುರಾಗಿತ್ತು: ಪ್ರತಿ ಬಳಕೆದಾರನಿಗೂ ಬೇರೆ ಬೇರೆ ಡಿಸ್ಕ್, ಕಾರ್ಡ್ ರೀಡರ್, ಪ್ರಿಂಟರ್ ಎಲ್ಲಿಂದ ತರೋದು? ಉತ್ತರ ಸರಳವಾಗಿತ್ತು. ನಿಜವಾದ ಡಿಸ್ಕಿನ ಒಂದು ಭಾಗವನ್ನು ಕತ್ತರಿಸಿ ‘ಮಿನಿಡಿಸ್ಕ್’ ಅಂತ ಕೊಡೋದು. ಕಾರ್ಡ್ ರೀಡರ್, ಪ್ರಿಂಟರ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸೋದು. ಬಳಕೆದಾರನ ಪ್ರೋಗ್ರಾಮು ಕಾರ್ಡ್ ಓದುತ್ತಿದ್ದೇನೆ ಅಂದುಕೊಳ್ಳುತ್ತೆ, ಕೆಳಗೆ ಇರೋದು ಡಿಸ್ಕ್ ಮೇಲಿನ ಒಂದು ಕಡತ. ಆ ಡಿಸ್ಕುಗಳನ್ನು ಗುರುತಿಸಲು ಒಂದೊಂದು ರೋಮನ್ ಅಕ್ಷರ. ವಿಎಂ/370ರಲ್ಲಿ ಬಳಕೆದಾರನ ಸ್ವಂತ ಡಿಸ್ಕಿಗೆ ಇದ್ದ ಅಕ್ಷರ ಎ.

ಅಂದರೆ ಡಿಸ್ಕಿಗೆ ಅಕ್ಷರ ಇಡುವ ರೂಢಿ ಹುಟ್ಟಿದ್ದೇ ಒಂದು ಅನುಕರಣೆಯ ಯಂತ್ರದೊಳಗೆ. ಅಲ್ಲಿಂದ ಹೊರಬಂದು ಫ್ಲಾಪಿಯ ಮೈಮೇಲೆ ಕೂತಿತು. ಫ್ಲಾಪಿ ಹೋದಮೇಲೆ ಮತ್ತೆ ವರ್ಚುವಲ್ ಮಷಿನ್ ಒಳಗೇ ಸೇರಿಕೊಂಡಿತು.

ಫ್ಲಾಪಿಯ ಚರಿತ್ರೆಯನ್ನೂ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಐಬಿಎಂ 1971ರಲ್ಲಿ ತಂದ ಮೊದಲ ಫ್ಲಾಪಿ 8 ಇಂಚಿನದು. ಅದು ಜನರ ಕಡತ ಇಡೋಕೆ ಬಂದಿದ್ದಲ್ಲ, ದೊಡ್ಡ ಯಂತ್ರಗಳಿಗೆ ಮೈಕ್ರೊಕೋಡ್ ತುಂಬಿಸೋಕೆ ಬಂದದ್ದು. 1976ರಲ್ಲಿ ಐದೂಕಾಲು ಇಂಚು, 1981ರಲ್ಲಿ ಸೋನಿಯ ಮೂರೂವರೆ ಇಂಚು. ನಮಗೆಲ್ಲ ಗೊತ್ತಿರುವ 1.44 ಎಂಬಿ ಫ್ಲಾಪಿ ಜನಪ್ರಿಯವಾದದ್ದು 1987ರ ಐಬಿಎಂ ಪಿಎಸ್/2 ಜೊತೆ. ಲೆಕ್ಕ ನೋಡಿ: 80 ಟ್ರ್ಯಾಕ್, 2 ಮುಖ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಒಟ್ಟು 2,880 ಸೆಕ್ಟರ್, 14,74,560 ಬೈಟ್. ಇದನ್ನು ಒಮ್ಮೆ 1024ರಿಂದ, ಇನ್ನೊಮ್ಮೆ 1000ದಿಂದ ಭಾಗಿಸಿದರೆ ಮಾತ್ರ 1.44 ಬರುತ್ತೆ. ಎರಡು ಅಳತೆ ಕಲಸಿದ ಸಂಖ್ಯೆ ಅದು, ಆದರೂ ಜಗತ್ತು ಒಪ್ಪಿಕೊಂಡಿತು. 1998ರಲ್ಲಿ ಆಪಲ್ ತನ್ನ ಐಮ್ಯಾಕ್‌ನಿಂದ ಫ್ಲಾಪಿ ಡ್ರೈವ್ ಕಿತ್ತುಹಾಕಿತು. 2011ರಲ್ಲಿ ಸೋನಿ ಫ್ಲಾಪಿ ಮಾರೋದನ್ನೇ ನಿಲ್ಲಿಸಿತು.

ಕಂಪನಿ ಹೋದಮೇಲೆ ಯಂತ್ರ ನೋಡಿಕೊಳ್ಳೋರು ಯಾರು?

ಹಳೆಯ ಯಂತ್ರಾಂಶದ ಈ ತಲೆನೋವು ನಮ್ಮ ಊರಿಗೆ ಹೊಸದಲ್ಲ. ಇಸಿಐಎಲ್ ಕ್ರಾಸ್ ರೋಡ್ಸ್ ಅಂತ ಬಸ್ಸಿನ ಬೋರ್ಡ್ ಓದಿರುತ್ತೀರಿ. ಅಣುಶಕ್ತಿ ಇಲಾಖೆಯ ಅಡಿಯಲ್ಲಿ 1967ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಅದು. ಅದನ್ನು ಕಟ್ಟಿದ ಎ. ಎಸ್. ರಾವ್ ಅವರ ಹೆಸರೇ ಪಕ್ಕದ ಎ. ಎಸ್. ರಾವ್ ನಗರಕ್ಕೆ. ಟಿಡಿಸಿ-12 ಅನ್ನುವ ದೇಶೀ ಕಂಪ್ಯೂಟರ್ 1969ರಲ್ಲೇ ಅಲ್ಲಿ ತಯಾರಾಯಿತು.

ಆದರೆ ದೇಶದ ಬಹಳಷ್ಟು ಕಚೇರಿಗಳು ಆಗ ಓಡುತ್ತಿದ್ದದ್ದು ಐಬಿಎಂ ಯಂತ್ರಗಳ ಮೇಲೆ. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು. ಐಬಿಎಂ ಒಪ್ಪಲಿಲ್ಲ, 1978ರಲ್ಲಿ ದೇಶ ಬಿಟ್ಟು ಹೋಯಿತು. ಯಂತ್ರಗಳು ಮಾತ್ರ ಇಲ್ಲೇ ಉಳಿದವು. ಅವುಗಳ ಡಿಸ್ಕ್, ಟೇಪ್, ಪ್ರಿಂಟರ್ ಕೆಟ್ಟರೆ ಕರೆಯೋದು ಯಾರನ್ನು? ಆ ಹೊಣೆ ಹೊತ್ತಿದ್ದು ಸರ್ಕಾರ 1975ರ ಕೊನೆಯಲ್ಲಿ ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ. ಗಚ್ಚಿಬೌಲಿಯ ಹಳೇ ಬಾಂಬೆ ಹೆದ್ದಾರಿಯ ಮೇಲೆ ಸಿಎಂಸಿ ಸೆಂಟರ್ ಅಂತ ಇದ್ದದ್ದು ಇದೇ ಕಂಪನಿಯದು. 2001ರಲ್ಲಿ ಅದು ಟಾಟಾ ಕೈಗೆ ಹೋಯಿತು, 2015ರಲ್ಲಿ ಟಿಸಿಎಸ್‌ನಲ್ಲಿ ವಿಲೀನವಾಯಿತು. ರೈಲ್ವೆಯ ಗಣಕೀಕೃತ ಟಿಕೆಟ್ ವ್ಯವಸ್ಥೆಯನ್ನು 1980ರ ದಶಕದ ನಡುವಿನಲ್ಲಿ ದೆಹಲಿಯಲ್ಲಿ ಮೊದಲು ನಿಲ್ಲಿಸಿದ್ದೂ ಇವರೇ.

ಇದನ್ನು ಯಾಕೆ ಹೇಳಿದೆ ಅಂದರೆ, ನಾವು ಸಪೋರ್ಟ್ ಅಂದಕೂಡಲೇ ಟಿಕೆಟ್ ಹಾಕಿ ವೆಂಡರ್‌ಗಾಗಿ ಕಾಯೋದು ಅಂದುಕೊಂಡಿದ್ದೇವೆ. ತಯಾರಿಸಿದವರು ಊರಲ್ಲೇ ಇಲ್ಲದಾಗ ಯಂತ್ರವನ್ನು ನಡೆಸುವವರಿಗೆ ಅದರ ಒಳಗಿನ ಚಲನೆ ಗೊತ್ತಿರಬೇಕು. ನನಗೆ ಕಾಕಾರ ಡಬ್ಬಿ ಸಿಕ್ಕಾಗ ಗೊತ್ತಿರಲಿಲ್ಲ. ಅದರ ಬೆಲೆ ತೆತ್ತದ್ದು ನಾನಲ್ಲ ಅನ್ನೋದೇ ಬೇಜಾರು.

ಸತ್ತ ಡ್ರೈವ್‌ನ ಜೀವಂತ ದೆವ್ವ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನನ್ನ ಮಷಿನ್ ಒಳಗೆ ಫ್ಲಾಪಿ ಕಂಟ್ರೋಲರ್ ಯಾಕೆ ಬಂತು?

ಪಿಸಿಯ ಮೇಲೆ ವರ್ಚುವಲ್ ಮಷಿನ್ ಓಡಿಸಬಹುದು ಅಂತ 1999ರಲ್ಲಿ ವಿಎಂವೇರ್ ತೋರಿಸಿತು. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಪ್ರೋಗ್ರಾಮರ್ ಕ್ಯೂಎಮು ಬಿಡುಗಡೆ ಮಾಡಿದ. 2005-06ರಲ್ಲಿ ಇಂಟೆಲ್, ಎಎಂಡಿ ಚಿಪ್‌ಗಳಲ್ಲೇ ವರ್ಚುವಲೈಸೇಷನ್ ಬೆಂಬಲ ಬಂತು, 2007ರಲ್ಲಿ ಕೆವಿಎಂ ಲಿನಕ್ಸ್ ಕರ್ನಲ್ ಸೇರಿತು. ಇವರೆಲ್ಲರಿಗೂ ಒಂದೇ ಷರತ್ತು: ಒಳಗಿರುವ ವಿಂಡೋಸ್‌ಗೆ ತಾನು ನಿಜವಾದ ಪಿಸಿ ಮೇಲೆ ಇದ್ದೇನೆ ಅನ್ನಿಸಬೇಕು. ನಿಜವಾದ ಪಿಸಿಯಲ್ಲಿ ಫ್ಲಾಪಿ ಇತ್ತು, ಹಾಗಾಗಿ ಸುಳ್ಳು ಪಿಸಿಯಲ್ಲೂ ಇರಬೇಕಾಯಿತು.

ಇನ್ನೊಂದು ಕಾರಣವೂ ಇತ್ತು. ಹಳಬರಿಗೆ ನೆನಪಿರುತ್ತೆ, ವಿಂಡೋಸ್ ಎಕ್ಸ್‌ಪಿ ಇನ್‌ಸ್ಟಾಲ್ ಮಾಡುವಾಗ ನೀಲಿ ಪರದೆಯ ಕೆಳಗೆ ‘ಎಫ್6 ಒತ್ತಿ’ ಅಂತ ಬರುತ್ತಿತ್ತು. ವಿಂಡೋಸ್‌ಗೆ ಪರಿಚಯ ಇಲ್ಲದ ಡಿಸ್ಕ್ ಕಂಟ್ರೋಲರ್ ಇದ್ದರೆ ಅದರ ಡ್ರೈವರ್ ಕೊಡಬೇಕು, ಅದೂ ಎ ಡ್ರೈವ್‌ನಿಂದಲೇ ಕೊಡಬೇಕು. ಸಿಡಿ ನಡೆಯಲ್ಲ, ಪೆನ್ ಡ್ರೈವ್ ನಡೆಯಲ್ಲ. ವರ್ಚುವಲ್ ಮಷಿನ್‌ನ ವೇಗದ ಡಿಸ್ಕ್ ವಿಂಡೋಸ್‌ಗೆ ಪರಿಚಯ ಇಲ್ಲದ್ದೇ. ಹಾಗಾಗಿ ಫ್ಲಾಪಿಯನ್ನೇ ಕಾಣದ ಡೇಟಾ ಸೆಂಟರ್‌ಗಳಲ್ಲೂ ಡ್ರೈವರ್ ತುಂಬಿದ ಫ್ಲಾಪಿ ಇಮೇಜ್ ಓಡಾಡುತ್ತಿತ್ತು. ವಿಸ್ತಾ ಬಂದಮೇಲಷ್ಟೇ ಈ ಕಟ್ಟು ಸಡಿಲವಾದದ್ದು.

ಉಪಯೋಗ ಮುಗಿದಮೇಲೂ ಆ ಕೋಡ್ ಹೋಗಲಿಲ್ಲ. 2015ರ ಮೇ ತಿಂಗಳು, ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಒಂದು ರಾತ್ರಿ ಇಡೀ ತಂಡಕ್ಕೆ ಕರೆ ಬಂತು, ಎಲ್ಲ ಹೋಸ್ಟ್‌ಗಳನ್ನೂ ಪ್ಯಾಚ್ ಮಾಡಿ ಅಂತ. ಕಾರಣ ವೆನಮ್ ಅನ್ನುವ ದೋಷ, ಅಂದರೆ ವಿಷ. ಕ್ಯೂಎಮುವಿನ ಫ್ಲಾಪಿ ಕಂಟ್ರೋಲರ್ ಕೋಡ್‌ನಲ್ಲಿ 2004ರಿಂದ ಯಾರ ಕಣ್ಣಿಗೂ ಬೀಳದೆ ಕೂತಿದ್ದ ತಪ್ಪು ಅದು. ಕಂಟ್ರೋಲರ್‌ನ ಬಫರ್‌ಗೆ ಅದರ ಅಳತೆ ಮೀರಿ ಬರೆಯಲು ದಾರಿ ಇತ್ತು. ವರ್ಚುವಲ್ ಮಷಿನ್ ಒಳಗೆ ಅಧಿಕಾರ ಪಡೆದವನು ಅದರ ಮೂಲಕ ಹೊರಗಿನ ಹೋಸ್ಟ್‌ಗೇ ನುಗ್ಗುವ ಸಾಧ್ಯತೆ ಇತ್ತು. ಜೆನ್, ಕೆವಿಎಂ ಎರಡಕ್ಕೂ ತಟ್ಟಿತು. ಇನ್ನೂ ತಮಾಷೆ ಏನು ಗೊತ್ತಾ? “ನಮ್ಮಲ್ಲಿ ಫ್ಲಾಪಿ ಡ್ರೈವ್ ತೆಗೆದುಹಾಕಿದ್ದೇವಲ್ಲ” ಅಂದವರಿಗೂ ಬಿಡುಗಡೆ ಇರಲಿಲ್ಲ. ಡ್ರೈವ್ ತೆಗೆದರೂ ಕಂಟ್ರೋಲರ್ ಕೋಡ್ ಒಳಗೆ ಓಡುತ್ತಲೇ ಇರುತ್ತಿತ್ತು. ಆ ರಾತ್ರಿ ಗಚ್ಚಿಬೌಲಿಯ ಆಫೀಸಿನಲ್ಲಿ ಟೀ ಕುಡಿಯುತ್ತಾ ನಗಾಡಿದ್ದೆವು, ಫ್ಲಾಪಿ ನೋಡದ ಹುಡುಗರು ಫ್ಲಾಪಿಗೆ ಪ್ಯಾಚ್ ಹಾಕ್ತಿದ್ದೀವಿ ಅಂತ.

ನಾಲ್ಕು ವರ್ಷ ಕಳೆದು 2019ರಲ್ಲಿ ಲಿನಕ್ಸ್‌ನ ಫ್ಲಾಪಿ ಡ್ರೈವರ್‌ಗೆ ಲೈನಸ್ ಟೋರ್ವಾಲ್ಡ್ಸ್ ‘ಅನಾಥ’ ಅಂತ ಗುರುತು ಹಾಕಿದ. ನೋಡಿಕೊಳ್ಳುತ್ತಿದ್ದವನ ಹತ್ತಿರ ಪರೀಕ್ಷೆ ಮಾಡೋಕೆ ಫ್ಲಾಪಿ ಡ್ರೈವ್ ಉಳಿದಿರಲಿಲ್ಲ. ಅಂಗಡಿಯಲ್ಲಿ ಸಿಗುವ ಡ್ರೈವ್‌ಗಳೆಲ್ಲ ಯುಎಸ್‌ಬಿಯವು, ಅವು ಈ ಡ್ರೈವರ್ ಬಳಸೋದೇ ಇಲ್ಲ. ಹಾಗಾದರೆ ಕಿತ್ತುಹಾಕಬಹುದಲ್ಲ? ಇಲ್ಲ, ಯಾಕಂದರೆ ವರ್ಚುವಲ್ ಮಷಿನ್‌ಗಳು ಇನ್ನೂ ಹಳೆಯ ಫ್ಲಾಪಿಯನ್ನು ಅನುಕರಿಸುತ್ತಿದ್ದವು. ಅದೇ ಆ ಡ್ರೈವರ್ ಉಳಿದದ್ದಕ್ಕೆ ಕಾರಣ. ಆಮೇಲೆ ಬೇರೊಬ್ಬ ಅದರ ಹೊಣೆ ಹೊತ್ತುಕೊಂಡ.

ಅಂತೂ ಚರಿತ್ರೆ ಇಲ್ಲಿಗೆ ಬಂದು ನಿಂತಿದೆ. ಡ್ರೈವ್‌ನ ಅನುಕರಣೆಯನ್ನು ಜಗತ್ತು ಜೋಪಾನ ಮಾಡಿದೆ. ಡ್ರೈವ್ ಓದಬೇಕಾಗಿದ್ದ ನಿಜವಾದ ಫ್ಲಾಪಿಗಳನ್ನು ಮಾತ್ರ ಯಾರೂ ಜೋಪಾನ ಮಾಡಿಲ್ಲ. ಅವು ಕಾಚಿಗುಡದ ಅಟ್ಟದ ಮೇಲಿವೆ.

ನಾನು ಮಾಡಿದ ತಪ್ಪು

ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಇದೆ, ಎಲ್ಲರ ಬಾಯಲ್ಲಿ ಸಿಟಿಸಿ. ಕಂಪ್ಯೂಟರ್ ಬಿಡಿಭಾಗಕ್ಕೆ ಹೈದರಾಬಾದಿನವರು ಹೋಗೋದು ಅಲ್ಲಿಗೇ. ನಾಲ್ಕನೇ ಅಂಗಡಿಯಲ್ಲಿ ಒಂದು ಹಳೆಯ ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಕ್ಕಿತು. ಮನೆಗೆ ತಂದವನೇ ಅದನ್ನು ಹೋಸ್ಟ್‌ಗೆ ಚುಚ್ಚಿ, ಅಲ್ಲಿಂದ ನೇರವಾಗಿ ಎಕ್ಸ್‌ಪಿ ಮಷಿನ್‌ಗೆ ಪಾಸ್ ಮಾಡಿದೆ. ಕೈಗೆ ಸಿಕ್ಕ ಫ್ಲಾಪಿ ತೂರಿಸಿದೆ. ಅದು 7ನೇದು.

ಎಕ್ಸ್‌ಪಿಯಲ್ಲಿ ಡ್ರೈವ್ ಕಾಣಿಸಿತು. ಕ್ಲಿಕ್ ಮಾಡಿದರೆ ‘ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?’ ಅಂತ ಕೇಳಿತು. ಬೇಡ ಅಂದೆ. ಮತ್ತೆ ಕ್ಲಿಕ್, ಕರ್ ಕರ್ ಸದ್ದು, ದೋಷ. ಓದಲಾಗದಿದ್ದಾಗ ಯುಎಸ್‌ಬಿ ಸಂಪರ್ಕ ರೀಸೆಟ್ ಆಗಿ ಮಷಿನ್‌ನಿಂದ ಕಳಚಿಕೊಳ್ಳುತ್ತಿತ್ತು, ನಾನು ಮತ್ತೆ ಜೋಡಿಸುತ್ತಿದ್ದೆ. ತಪ್ಪು ಪಾಸ್‌ಥ್ರೂನಲ್ಲಿ ಇದೆ ಅಂದುಕೊಂಡು ಒಂದು ಗಂಟೆ ಸೆಟ್ಟಿಂಗ್ ಬದಲಾಯಿಸಿದೆ, ಬೇರೆ ಪೋರ್ಟ್ ಹಾಕಿದೆ, ಇಪ್ಪತ್ತು ಸಲವಾದರೂ ಪ್ರಯತ್ನಿಸಿದೆ. ಕೊನೆಗೆ ಫ್ಲಾಪಿ ಹೊರತೆಗೆದು ಲೋಹದ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟು ನೋಡಿದೆ. ಕಂದು ತಟ್ಟೆಯ ಹೊರ ಅಂಚಿನಲ್ಲಿ ಹೊಳೆಯುವ ಒಂದು ಬಳೆ. ಕಾಂತೀಯ ಲೇಪನವೇ ಕಿತ್ತು ಹೋಗಿತ್ತು.

ಆದದ್ದು ಇಷ್ಟು. ಫ್ಲಾಪಿಯ ಮೇಲೆ ಬೂಷ್ಟು ಹಿಡಿದಿತ್ತು. ಹಾರ್ಡ್ ಡಿಸ್ಕಿನಲ್ಲಿ ಹೆಡ್ ತಟ್ಟೆಯನ್ನು ಮುಟ್ಟಲ್ಲ, ಫ್ಲಾಪಿಯಲ್ಲಿ ಮುಟ್ಟಿಕೊಂಡೇ ಓದುತ್ತೆ, ನಿಮಿಷಕ್ಕೆ 300 ಸುತ್ತು. ಬೂಷ್ಟಿನ ಕಣ ಹೆಡ್ಡಿಗೆ ಮೆತ್ತಿಕೊಂಡರೆ ಮರಳು ಕಾಗದ ಉಜ್ಜಿದ ಹಾಗೆ. ವಿಂಡೋಸ್ ಮೊದಲು ಹುಡುಕೋದು ಕಡತಗಳ ಪಟ್ಟಿಯನ್ನು. 1.44 ಎಂಬಿ ಫ್ಲಾಪಿಯಲ್ಲಿ ಬೂಟ್ ಸೆಕ್ಟರ್ 1, ಫ್ಯಾಟ್ ಕೋಷ್ಟಕದ ಎರಡು ಪ್ರತಿಗೆ 18, ಮೂಲ ಡೈರೆಕ್ಟರಿಗೆ 14, ಒಟ್ಟು 33 ಸೆಕ್ಟರ್. ಎಲ್ಲವೂ ಇರೋದು ಹೊರ ಅಂಚಿನ ಸೊನ್ನೆಯ ಟ್ರ್ಯಾಕಿನಲ್ಲೇ. ನಾನು ಕ್ಲಿಕ್ ಮಾಡಿದ ಪ್ರತಿ ಸಲವೂ ಅದೇ ಜಾಗವನ್ನೇ ಉಜ್ಜಿದ್ದೆ.

ಕಾಯಿಲೆ ಇದ್ದದ್ದು ಫ್ಲಾಪಿಯಲ್ಲಿ, ನಾನು ಔಷಧ ಹಾಕಿದ್ದು ಹೋಸ್ಟ್‌ಗೆ. ನಮ್ಮ ಕಸುಬಿನಲ್ಲಿ ಇದು ದೊಡ್ಡ ರೋಗ ಕಣ್ರೀ. ನಮಗೆ ಗೊತ್ತಿರುವ ಪದರದಲ್ಲೇ ತಪ್ಪು ಹುಡುಕುತ್ತೀವಿ.

ಆಮೇಲೆ ಎರಡು ದಿನ ಅದನ್ನು ಮುಟ್ಟಲಿಲ್ಲ. ಓದಿಕೊಂಡು, ಸರಿಯಾದ ಕ್ರಮ ಹಾಕಿಕೊಂಡೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು, ಅದಕ್ಕೇ ಬಿಡಿಸಿ ಹೇಳ್ತೀನಿ.

ಮೊದಲು ಕಣ್ಣು. ಮುಚ್ಚಳ ಸರಿಸಿ, ನಡುವಿನ ಲೋಹದ ಬಿಲ್ಲೆ ತಿರುಗಿಸುತ್ತಾ ಪೂರ್ತಿ ಸುತ್ತು ನೋಡಿ. ಬಿಳಿ ಮಚ್ಚೆ ಇದ್ದರೆ ಡ್ರೈವ್‌ಗೆ ಹಾಕಬೇಡಿ. ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಒಂದೊಂದು ಫ್ಲಾಪಿ ಆದಮೇಲೂ ಡ್ರೈವ್‌ನ ಹೆಡ್ ಸ್ವಚ್ಛ ಮಾಡಿ.

ಎರಡನೇದು, ಬರಹ ತಡೆಯುವ ಕೀಲಿ. ಮೂಲೆಯ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಸರಿಸಿ ತೂತು ಕಾಣುವಂತೆ ಮಾಡಿ. ವಿಂಡೋಸ್ 95, 98ಕ್ಕೆ ಫ್ಲಾಪಿ ಬರೀ ಓದುವಾಗಲೂ ಬೂಟ್ ಸೆಕ್ಟರಿನಲ್ಲಿ ತನ್ನ ಗುರುತು ಬರೆಯುವ ಚಟ ಇದೆ.

ಮೂರನೇದು, ಇದೇ ಮುಖ್ಯ: ನಿಜವಾದ ಡ್ರೈವನ್ನು ವರ್ಚುವಲ್ ಮಷಿನ್‌ಗೆ ಕೊಡಲೇಬೇಡಿ. ಹೋಸ್ಟ್‌ನಲ್ಲೇ ಡಿಡಿರೆಸ್ಕ್ಯೂ ಬಳಸಿ ಒಂದೇ ಒಂದು ಇಮೇಜ್ ತೆಗೆಯಿರಿ. ಸಾಧಾರಣ ಕಾಪಿ ಹಾಗಲ್ಲ ಅದು. ಸುಲಭವಾಗಿ ಓದಲು ಬರುವ ಸೆಕ್ಟರ್‌ಗಳನ್ನು ಮೊದಲು ಎತ್ತಿಕೊಂಡು, ಕಷ್ಟದವನ್ನು ಕೊನೆಗೆ ಇಟ್ಟುಕೊಳ್ಳುತ್ತೆ, ಎಲ್ಲಿ ಸೋತೆ ಅಂತ ನಕ್ಷೆ ಬರೆದಿಡುತ್ತೆ. ಆಮೇಲೆ ಆ ಇಮೇಜನ್ನು ಮಷಿನ್‌ನ ಅನುಕರಣೆಯ ಎ ಡ್ರೈವ್‌ಗೆ ತೂರಿಸಿ. ನೂರು ಸಲ ಕ್ಲಿಕ್ ಮಾಡಿ, ಏನೂ ಸವೆಯಲ್ಲ. ಕೇಳದೆ ಬಂದು ಕೂತಿದ್ದ ಆ ಫ್ಲಾಪಿ ಕಂಟ್ರೋಲರ್ ಕಡೆಗೂ ಕೆಲಸಕ್ಕೆ ಬಂದದ್ದು ಹೀಗೆ.

ಹನ್ನೊಂದರಲ್ಲಿ ಒಂಬತ್ತು ಪೂರ್ತಿ ಬಂದವು. 4ನೇದರಲ್ಲಿ 2,880ಕ್ಕೆ 14 ಸೆಕ್ಟರ್ ಹೋಯಿತು. 7ನೇದರಲ್ಲಿ ಕಿತ್ತ ಲೇಪನದ ಪುಡಿ ಒಳಗಿನ ಟ್ರ್ಯಾಕ್‌ಗಳನ್ನೂ ಗೀಚಿತ್ತು. ಅಲ್ಲಲ್ಲಿ ಸಿಕ್ಕ ತುಣುಕು ಸೇರಿಸಿದರೆ ಎರಡು ಪುಟದಷ್ಟೂ ಆಗಲಿಲ್ಲ.

ಕಡತ ಸಿಕ್ಕಿತು, ಕನ್ನಡ ಸಿಗಲಿಲ್ಲ

ಕೆಲಸ ಮುಗಿಯಿತು ಅಂದುಕೊಂಡರೆ ಇನ್ನೊಂದು ಬೀಗ. ಕಡತಗಳು ಪೇಜ್‌ಮೇಕರ್‌ನವು. ಗೆಳೆಯನೊಬ್ಬನ ಮುದ್ರಣಾಲಯದಲ್ಲಿ ಹಳೆಯ ಪೇಜ್‌ಮೇಕರ್ ಸಿಡಿ ಇತ್ತು, ಎಕ್ಸ್‌ಪಿ ಮಷಿನ್‌ನಲ್ಲಿ ಹಾಕಿ ತೆರೆದೆ. ಪರದೆ ತುಂಬ ಟೋಪಿ, ಚುಕ್ಕೆ, ಕೊಂಬು ಹೊತ್ತ ರೋಮನ್ ಅಕ್ಷರ. ಹಳೆಯ ಸರ್ಕಾರಿ ಕಡತ ತೆರೆದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು.

1991ರಲ್ಲೇ ಭಾರತೀಯ ಲಿಪಿಗಳಿಗೆ ಇಸ್ಕಿ ಅನ್ನುವ ಶಿಷ್ಟತೆ ಬಂತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗವೂ ಸಿಕ್ಕಿತು. ಆದರೆ ವಿಂಡೋಸ್‌ನಲ್ಲಿ ತುಂಗಾ ಅಕ್ಷರಶೈಲಿಯ ಜೊತೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ನಡುವಿನ ಹತ್ತು ವರ್ಷ ಡಿಟಿಪಿ ಅಂಗಡಿಗಳು ಕಾಯುತ್ತಾ ಕೂರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಮಾಡಿಕೊಂಡರು. ತಲೆಕಟ್ಟಿಗೆ ಒಂದು ಮನೆ, ಒತ್ತಿಗೆ ಒಂದು ಮನೆ, ದೀರ್ಘಕ್ಕೆ ಒಂದು. ಒಂದು ಕಂಪನಿಯ ಫಾಂಟ್ ಇನ್ನೊಬ್ಬರಿಗೆ ಅರ್ಥವಾಗಲ್ಲ. ಕೆಲವು ತಂತ್ರಾಂಶ ಓಡಬೇಕಾದರೆ ಪ್ರಿಂಟರ್ ಪೋರ್ಟಿಗೆ ಡಾಂಗಲ್ ಚುಚ್ಚಿರಲೇಬೇಕಿತ್ತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸಾಮಾನ್ಯರಿಗೂ ಕನ್ನಡ ಟೈಪಿಂಗ್ ಕೈಗೆಟುಕಿತು. ಆ ಎರಡರ ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ಉಚಿತ ಪರಿವರ್ತಕಗಳು ಇವತ್ತು ಸಿಗುತ್ತವೆ. ಕಾಕಾರ ಕಡತ ಎರಡೂ ಅಲ್ಲ.

ನಮ್ಮ ಅದೃಷ್ಟಕ್ಕೆ 11ನೇ ಫ್ಲಾಪಿಯಲ್ಲಿ ಆಪರೇಟರ್ ಫಾಂಟ್ ಕಡತವನ್ನೂ ಹಾಕಿಟ್ಟಿದ್ದ. ಟೈಪ್ ಮಾಡಲು ತಂತ್ರಾಂಶ ಬೇಕು, ನೋಡಲು ಫಾಂಟ್ ಸಾಕು. ಅದನ್ನು ಹಾಕಿದ ತಕ್ಷಣ ಪರದೆಯ ಮೇಲೆ ಕನ್ನಡ ಎದ್ದು ನಿಂತಿತು. ಆ ಪ್ರೂಫ್‌ನ ಹದಿನಾರು ಪುಟ ಪಕ್ಕದಲ್ಲಿಟ್ಟುಕೊಂಡು, ಯಾವ ಮನೆಯಲ್ಲಿ ಯಾವ ಚೂರು ಅಂತ ಪಟ್ಟಿ ಮಾಡಿ ಪೈಥಾನ್‌ನಲ್ಲಿ ಒಂದು ಪರಿವರ್ತಕ ಬರೆದೆ. ಮೊದಲ ಸಲ ಓಡಿಸಿದಾಗ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಬಂತು. ಅರ್ಕಾವತ್ತಿನ ಮಹಿಮೆ! ಕಾಗದದ ಮೇಲೆ ಅದು ನಾ ಆದಮೇಲೆ ಕೂರುತ್ತೆ, ಹಳೆಯ ಫಾಂಟ್‌ನಲ್ಲಿ ಶೇಖರವಾಗೋದೂ ಹಾಗೇ. ಯೂನಿಕೋಡ್ ನಾವು ಉಚ್ಚರಿಸುವ ಕ್ರಮದಲ್ಲಿ ರ್ ಅನ್ನು ಮೊದಲು ಇಡುತ್ತೆ. ಅದನ್ನು ತಿದ್ದಲು ಎರಡು ರಾತ್ರಿ ಹಿಡಿಯಿತು.

ಆ ಪುಟಗಳಲ್ಲಿ ಏನಿತ್ತು

ಕಾಕಾರ ತಂದೆ ನಿಜಾಮರ ಕಾಲದಲ್ಲಿ ಕೆಲಸ ಹುಡುಕಿಕೊಂಡು ಬೀದರ್ ಕಡೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಬಜಾರಿನಲ್ಲಿ ತೆಲುಗು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ಬೀದರ್, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. ಆ ಹೊತ್ತಿಗೆ ನಗರದಲ್ಲಿ ನೆಲೆಸಿದ್ದ ಕನ್ನಡದವರು ಎಲ್ಲಿಗೂ ಹೋಗಲಿಲ್ಲ, ಆದರೂ ಒಂದೇ ದಿನದಲ್ಲಿ ಹೊರರಾಜ್ಯದ ಕನ್ನಡಿಗರಾದರು. ನಾವು ಆಫರ್ ಲೆಟರ್ ಹಿಡಿದು ಗಡಿ ದಾಟಿ ಬಂದವರು. ಅವರನ್ನು ಗಡಿಯೇ ದಾಟಿಹೋಯಿತು. ಕಾಕಾ ಬರೆದದ್ದು ಅಂಥ ಮನೆಗಳ ಕಥೆ. ಯಾರ ಮನೆಯಲ್ಲಿ ನಾಡಹಬ್ಬ ನಡೆಯುತ್ತಿತ್ತು, ಯಾರು ಮಕ್ಕಳನ್ನು ಕೂರಿಸಿ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು, ಇಂಥವು.

7ನೇ ಫ್ಲಾಪಿಯಲ್ಲಿ ಇದ್ದದ್ದು ಗಲ್ಲಿಯ ಮನೆಗಳ ಪಟ್ಟಿ: ಯಜಮಾನನ ಹೆಸರು, ಮೂಲ ಊರು, ಬಂದ ವರ್ಷ.

ಪ್ರಿಂಟ್ ತೆಗೆದು ಬೈಂಡ್ ಮಾಡಿಸಿ ಒಯ್ದು ಕೊಟ್ಟೆ. ಕಾಕಾ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ಓದಿದರು. ಆಮೇಲೆ ಪುಟ ಹಿಂದೆ ಮುಂದೆ ಮಾಡಿ, “ಏಳನೇದು ಎಲ್ಲಿ ತಮ್ಮಾ?” ಅಂದರು. ನನ್ನ ಕೈಯಿಂದಲೇ ಕೆಟ್ಟಿತು ಅಂತ ನಡೆದದ್ದು ನಡೆದ ಹಾಗೆ ಹೇಳಿದೆ. ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ಇರಲಿ ಬಿಡು. ನೆಪ್ಪ ಇದ್ದಷ್ಟು ಹೇಳ್ತೀನಿ, ಬರಕೋ” ಅಂದರು. ಎರಡು ಭಾನುವಾರ ಕೂತು ಬರೆದುಕೊಂಡೆ. ಹಲವು ಮನೆಗಳ ಹೆಸರು ಬಂದವು. ಮೂಲೆಯ ಎರಡು ಮನೆಯವರ ಊರು ಯಾವುದು ಅನ್ನೋದು ಅವರಿಗೂ ನೆನಪಾಗಲಿಲ್ಲ. ಹೇಳಬಲ್ಲ ಬೇರೆಯವರು ಈಗಿಲ್ಲ.

ಆ ಫ್ಲಾಪಿಯನ್ನು ನಾನು ಎಸೆದಿಲ್ಲ. ಯುಎಸ್‌ಬಿ ಡ್ರೈವ್ ತಾನು ಓದಿದ ಸೆಕ್ಟರನ್ನಷ್ಟೇ ಕೊಡುತ್ತೆ, ಓದಲಾಗದ್ದನ್ನು ಮುಚ್ಚಿಡುತ್ತೆ. ಗ್ರೀಸ್‌ವೀಸಲ್ ತರಹದ ಬೋರ್ಡುಗಳನ್ನು ಹಳೆಯ ಡ್ರೈವ್‌ಗೆ ಜೋಡಿಸಿದರೆ ಕಾಂತೀಯ ಏರಿಳಿತವನ್ನೇ ನೇರವಾಗಿ ಹಿಡಿಯಬಹುದು. ಲೇಪನವೇ ಹೋದ ಕಡೆ ಏನೂ ಸಿಗಲ್ಲ, ಉಳಿದ ಕಡೆ ಇನ್ನೊಂದು ಪುಟ ಸಿಕ್ಕರೂ ಲಾಭವೇ.

ನನಗೆ ಇದರಿಂದ ಅರ್ಥವಾದದ್ದು ಒಂದೇ ಮಾತು. ಹಳೆಯ ಕಡತ ಓದಬೇಕಾದರೆ ಮೂರು ಬದುಕಿರಬೇಕು: ಡಿಸ್ಕ್ ಓದುವ ಯಂತ್ರ, ಕಡತ ತೆರೆಯುವ ತಂತ್ರಾಂಶ, ಅಕ್ಷರ ತೋರಿಸುವ ಫಾಂಟ್. ವರ್ಚುವಲ್ ಮಷಿನ್ ಉಳಿಸೋದು ನಡುವಿನದನ್ನು ಮಾತ್ರ. ಮೊದಲನೆಯದು ವರ್ಷ ವರ್ಷ ಸವೆಯುತ್ತಿದೆ. ಮೂರನೆಯದು ನಮ್ಮ ಭಾಷೆಯ ಹೊಣೆ, ಅದನ್ನು ಹೊರಗಿನಿಂದ ಬಂದು ಯಾರೂ ಮಾಡಿಕೊಡಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಒಮ್ಮೆ ನೋಡಿ. ಸಂಘದ ಸ್ಮರಣ ಸಂಚಿಕೆ, ಅಪ್ಪನ ಲೇಖನ, ಅಜ್ಜಿಯ ಹಾಡಿನ ಸಂಗ್ರಹ, ಏನಿರುತ್ತೋ ಗೊತ್ತಿಲ್ಲ. ಫ್ಲಾಪಿ ಸಿಕ್ಕರೆ ಜೊತೆಗೆ ಫಾಂಟ್ ಇದೆಯಾ ಅಂತ ಹುಡುಕಿ, ಹಳೆಯ ಪ್ರಿಂಟ್ ಇದ್ದರೆ ಎತ್ತಿಡಿ. ಮತ್ತೆ ದಯವಿಟ್ಟು, ಡ್ರೈವ್‌ಗೆ ತೂರಿಸುವ ಮೊದಲು ಟಾರ್ಚ್ ಬಿಟ್ಟು ನೋಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.